ಹಸುವಿನ ಸಾಲ ತೀರಿತು, ಪಹಣಿಯ ಭೋಜಾ ತೆಗೆಸಿದಿರಾ?



ಈ ಪುಟದಲ್ಲಿ ಕೆಚ್ಚಲು ಬಾವು, ಹಸಿರು ಮೇವು, ಕರುಗಳ ಪಾಲನೆ ಕುರಿತು ಬರೆಯುವುದು ವಾಡಿಕೆ. ಈ ಸಲ ಪಹಣಿಯ ಮಾತು. ಜಮೀನಿನ ಆಧಾರದ ಮೇಲೆ ಸಾಲ ಪಡೆದು ಹಸು ಕಟ್ಟಿದವರು ಹಾಲಿನ ಬಟವಾಡೆಯಲ್ಲಿ ಕಂತು ಮುರಿಸಿಕೊಂಡು ಸಾಲ ತೀರಿಸುತ್ತಾರೆ. ಆದರೆ ಎಷ್ಟೋ ಸದಸ್ಯರ ಪಹಣಿಯಲ್ಲಿ ಬ್ಯಾಂಕಿನ ಭೋಜಾ ಹಾಗೆಯೇ ಉಳಿದಿರುತ್ತದೆ. ಇನ್ನೆರಡು ಹಸುಗಳಿಗೆ ಸಾಲ ಕೇಳಿದಾಗ, ಇಲ್ಲವೇ ಅಣ್ಣತಮ್ಮಂದಿರು ಜಮೀನು ವಿಭಾಗ ಮಾಡಿಕೊಳ್ಳಲು ಹೊರಟಾಗ ಅದು ಅಡ್ಡ ಬರುತ್ತದೆ.

ಸಾಲ ಪಡೆಯುವಾಗ ನೀವು ಬ್ಯಾಂಕಿನಲ್ಲಿ ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕಿರುತ್ತೀರಿ. 1974ರ ಕರ್ನಾಟಕದ ಕೃಷಿ ಸಾಲ ಕಾಯಿದೆಯಂತೆ ಅದರಿಂದಲೇ ಜಮೀನಿನ ಮೇಲೆ ಋಣಭಾರ ಉಂಟಾಗುತ್ತದೆ. ಪಹಣಿಯ ಕಾಲಂ 11ರಲ್ಲಿ, ಅಂದರೆ ಇತರೆ ಹಕ್ಕುಗಳು ಮತ್ತು ಋಣಗಳ ಕಾಲಂನಲ್ಲಿ, ಅದು ದಾಖಲಾಗುತ್ತದೆ. ಪಾಸ್ ಪುಸ್ತಕದಲ್ಲಿ ಬಾಕಿ ಸೊನ್ನೆ ಆದ ಮಾತ್ರಕ್ಕೆ ಈ ದಾಖಲೆ ಹೋಯಿತೆಂದು ನಂಬಿ ಕೂರಬೇಡಿ.

ಬ್ಯಾಂಕಿನಿಂದ ಸಾಲ ತೀರುವಳಿ ಪತ್ರದ ಜೊತೆಗೆ, ಭೋಜಾ ತೆಗೆಯುವಂತೆ ತಹಶೀಲ್ದಾರರಿಗೆ ಬರೆದ ಪತ್ರವನ್ನೂ ಕೇಳಿ ಪಡೆಯಿರಿ. ಅದರಲ್ಲಿ ಸರ್ವೆ ನಂಬರು, ಹಿಸ್ಸಾ, ಗ್ರಾಮ, ಖಾತೆದಾರರ ಹೆಸರು ಪಹಣಿಯಲ್ಲಿ ಇರುವಂತೆಯೇ ಇರಬೇಕು. ಹಿಸ್ಸಾ ಬಿಟ್ಟುಹೋದ ಪತ್ರ ಹಿಂದಿರುಗಿ ಬರುತ್ತದೆ. ಬ್ಯಾಂಕಿನ ಹೆಸರೇ ಬದಲಾಗಿದ್ದರೂ ಗಾಬರಿ ಬೇಡ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಡನೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಡನೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನೊಡನೆ ವಿಲೀನವಾದವು. ಪಹಣಿಯಲ್ಲಿ ಹಳೆಯ ಹೆಸರಿದ್ದರೆ ಈಗಿನ ಬ್ಯಾಂಕಿನ ಪತ್ರದಲ್ಲಿ ಎರಡೂ ಹೆಸರು ಬರೆಸಿಕೊಳ್ಳಿ.

ಈ ಪತ್ರಗಳನ್ನು ಅರ್ಜಿಯೊಂದಿಗೆ ಕಂದಾಯ ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬದಲಾವಣೆ ಮೊದಲು ಮ್ಯುಟೇಶನ್ ವಹಿಯಲ್ಲಿ ದಾಖಲಾಗಿ, ನಂತರ ಪಹಣಿಗೆ ಬರುತ್ತದೆ. ಹೊಸ ಪಹಣಿ ತೆಗೆಸಿ ಕಾಲಂ 11 ನೋಡುವವರೆಗೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಒಂದಕ್ಕಿಂತ ಹೆಚ್ಚು ಸರ್ವೆ ನಂಬರು ಆಧಾರ ಕೊಟ್ಟಿದ್ದರೆ ಎಲ್ಲದರ ಪಹಣಿಯನ್ನೂ ನೋಡಿ.

ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪತ್ರದ ರೀತಿ ಬೇರೆ. ಅಲ್ಲಿ ಹಳೆಯ ಸಾಲದ ನಮೂದು ಅಳಿಸಿಹೋಗುವುದಿಲ್ಲ. ಅದರ ಮುಂದೆ ಸಾಲ ತೀರಿದ ನಮೂದು ಸೇರುತ್ತದೆ. ಇದನ್ನು ತಿಳಿಯದೆ ಹೆದರಿದವರಿದ್ದಾರೆ. ಅಡಮಾನ ಪತ್ರ ನೋಂದಣಿ ಆಗಿದ್ದರೆ ಅದರ ಬಿಡುಗಡೆ ಪತ್ರವೂ ನೋಂದಣಿ ಆಗಬೇಕು.

ಕಾಲಂ 11ರಲ್ಲಿ ಇರುವುದೆಲ್ಲ ಬ್ಯಾಂಕಿನದೇ ಅಲ್ಲ. ನ್ಯಾಯಾಲಯದ ತಡೆಯಾಜ್ಞೆ ಇದ್ದರೆ ಬ್ಯಾಂಕಿನ ಪತ್ರದಿಂದ ಹೋಗದು. ತಡೆ ತೆರವಾದ ಆದೇಶದ ದೃಢೀಕೃತ ನಕಲು ಬೇಕು. ಇನ್ನು "ಅವರು ಕೇವಿಯಟ್ ಹಾಕಿದ್ದಾರೆ, ಜಮೀನು ಕಟ್ಟುಬಿದ್ದಿದೆ" ಎಂಬ ಮಾತು ಹಳ್ಳಿಗಳಲ್ಲಿ ಬಹಳ. ಕೇವಿಯಟ್ ಎಂದರೆ ತನ್ನನ್ನು ಕೇಳದೆ ಆದೇಶ ಮಾಡಬಾರದೆಂದು ನ್ಯಾಯಾಲಯಕ್ಕೆ ಕೊಡುವ ಮುನ್ಸೂಚನೆ ಅಷ್ಟೆ. ಸಲ್ಲಿಸಿದ ದಿನದಿಂದ 90 ದಿನ ಕಳೆದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ, ನಡುವೆ ಅರ್ಜಿ ದಾಖಲಾಗಿದ್ದರೆ ಮಾತು ಬೇರೆ. ಅದನ್ನು ಪಹಣಿಯಿಂದ ತೆಗೆಸಿಕೊಡುತ್ತೇನೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಕೊನೆಯದಾಗಿ ನಮ್ಮ ಇಲಾಖೆಯ ವಿಷಯ. ಸಾಲದ ಹಸುವಿನ ವಿಮಾ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಸೇರಿರುತ್ತದೆ. ತೀರುವಳಿ ಪತ್ರ ತೋರಿಸಿ ಅದನ್ನೂ ತೆಗೆಸಿ, ಪಾಲಿಸಿಯಲ್ಲಿರುವ ಕಿವಿಯೋಲೆ ನಂಬರು ಹಸುವಿನ ಕಿವಿಯಲ್ಲಿರುವುದಕ್ಕೆ ತಾಳೆಯಾಗುವುದೇ ನೋಡಿಕೊಳ್ಳಿ.