ಸುಸ್ತು ಎಂದು ಬರೆಯುವ ಮುನ್ನ

ಮಗಳೇ, ತಾಲ್ಲೂಕು ಆಸ್ಪತ್ರೆಗೆ ನಿನ್ನ ಪೋಸ್ಟಿಂಗ್ ಆಯಿತೆಂದು ನಿಮ್ಮಪ್ಪ ಫೋನ್ ಮಾಡಿ ಹೇಳಿದ. ತುಂಬಾ ಸಂತೋಷವಾಯಿತು. ಅಂಥದೇ ಆಸ್ಪತ್ರೆಯ ಒಪಿಡಿಯಲ್ಲಿ ಮೂವತ್ತು ವರ್ಷ ಕೂತವನು ನಾನು. ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋಗಿರುವ ಹೊತ್ತಿನಲ್ಲಿ ಒಬ್ಬರು ಎದುರು ಕೂತು ‘ತುಂಬಾ ಸುಸ್ತು ಡಾಕ್ಟ್ರೇ’ ಅನ್ನುತ್ತಾರೆ. ಚೀಟಿಯ ಮೇಲೆ ಅದನ್ನೇ ಬರೆದು, ಕೆಳಗೊಂದು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಗೀಚಿ, ಮುಂದಿನವರನ್ನು ಕರೆಯಲು ಒಂದು ನಿಮಿಷ ಸಾಕು. ಆ ಒಂದು ನಿಮಿಷದ ಬಗ್ಗೆ ನಿನಗೆ ಹೇಳಬೇಕು.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಇಪ್ಪತ್ತೈದರ ಒಬ್ಬ ರೈತನ ಮಗ ಬಂದಿದ್ದ. ವಾರದ ಹಿಂದೆ ಭೇದಿಯಾಗಿತ್ತು. ಎರಡು ದಿನದಿಂದ ಪಾದ ಜೋಮು ಹಿಡಿದಂತಿದೆ, ಕಾಲಲ್ಲಿ ಬಲವಿಲ್ಲ, ಸುಸ್ತು ಅಂದ. ಭೇದಿಯ ನಿಶ್ಶಕ್ತಿ ಇರಬೇಕೆಂದು ಇಂಜೆಕ್ಷನ್ ಕೊಟ್ಟು ಕಳಿಸಿದೆ. ಮೂರನೆಯ ದಿನ ಅವನನ್ನು ಮಂಚದ ಸಮೇತ ಹೊತ್ತು ತಂದರು. ಕೈ ಎತ್ತಲು ಆಗುತ್ತಿರಲಿಲ್ಲ, ಮಾತು ಮೂಗಿನಿಂದ ಬರುತ್ತಿತ್ತು, ಎಂಜಲು ನುಂಗಲು ಒದ್ದಾಡುತ್ತಿದ್ದ. ಮಂಡಿ ತಟ್ಟುವ ಸುತ್ತಿಗೆ ಮೊದಲ ದಿನವೂ ನನ್ನ ಡ್ರಾಯರಿನಲ್ಲೇ ಇತ್ತು. ತಟ್ಟಿದ್ದರೆ ಕಾಲು ಚಿಮ್ಮುತ್ತಿರಲಿಲ್ಲ, ನನಗೆ ಅಂದೇ ತಿಳಿಯುತ್ತಿತ್ತು. ದೊಡ್ಡ ಆಸ್ಪತ್ರೆಯಲ್ಲಿ ವಾರಗಟ್ಟಲೆ ವೆಂಟಿಲೇಟರಿನಲ್ಲಿದ್ದು ಅವನು ಬದುಕಿ ಬಂದ, ವರ್ಷದ ಮೇಲೆ ನಡೆದಾಡಿದ. ಆ ಮೂರು ದಿನ ಮಾತ್ರ ನಾನು ಅವನಿಂದ ಕಿತ್ತುಕೊಂಡದ್ದು.

ಅದು ಗಿಲನ್ ಬಾರೆ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಗಿಲನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಇದನ್ನು ಗುರುತಿಸಿ ಬರೆದರು. ಬೆನ್ನುಹುರಿಯ ನೀರಿನಲ್ಲಿ ಪ್ರೋಟೀನ್ ಏರಿರುತ್ತದೆ, ಜೀವಕೋಶಗಳು ಏರಿರುವುದಿಲ್ಲ. ಮೊದಲ ವಾರ ಆ ಪ್ರೋಟೀನೂ ಸರಿಯಾಗಿಯೇ ಇರಬಹುದು, ಹಾಗಾಗಿ ರಿಪೋರ್ಟ್ ನಂಬಿ ಕೂರಬೇಡ. ಭೇದಿಯನ್ನೋ ಶೀತವನ್ನೋ ಎದುರಿಸಲು ದೇಹ ಕಟ್ಟಿದ ಪಡೆ ದಾರಿ ತಪ್ಪಿ ನಮ್ಮದೇ ನರಗಳ ಮೇಲೆ ಬೀಳುತ್ತದೆ. 2025ರ ಆರಂಭದಲ್ಲಿ ಪುಣೆಯಲ್ಲಿ ಒಟ್ಟೊಟ್ಟಿಗೆ ಎಷ್ಟೋ ಜನರಿಗೆ ಬಂದಾಗ ಊರೆಲ್ಲ ಇದರ ಹೆಸರು ಕಲಿತಿತು. ಇಮ್ಯುನೊಗ್ಲಾಬ್ಯುಲಿನ್ ಅಥವಾ ಪ್ಲಾಸ್ಮಾ ಬದಲಾವಣೆ, ಇವೆರಡೇ ಇದಕ್ಕೆ ಮದ್ದು, ಎರಡೂ ಮೊದಲ ಎರಡು ವಾರದೊಳಗೆ ಸಿಕ್ಕರೆ ಹೆಚ್ಚು ಫಲ. ಸ್ಟಿರಾಯ್ಡ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇವೆರಡೂ ನಿನ್ನ ಆಸ್ಪತ್ರೆಯಲ್ಲಿ ಇರಲಾರವು. ಆದರೆ ಉಸಿರನ್ನು ಅಳೆಯುವುದು ನಿನ್ನ ಕೈಯಲ್ಲಿದೆ. ಕಬಡ್ಡಿ ಆಡುವವರಂತೆ ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳು. ಆರೋಗ್ಯವಂತರು ಇಪ್ಪತ್ತನ್ನು ಸಲೀಸಾಗಿ ದಾಟುತ್ತಾರೆ. ಅದರೊಳಗೇ ಉಸಿರು ಮುಗಿದರೆ ತಡಮಾಡದೆ 108 ಕರೆಸು, ಉಸಿರಿನ ನಳಿಕೆ ಹಾಕಬಲ್ಲವರನ್ನು ಜೊತೆಗೆ ಕಳಿಸು. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರು 98 ತೋರಿಸುತ್ತಿದೆ ಎಂದು ಸಮಾಧಾನಪಡಬೇಡ. ಅದು ಇಳಿಯುವುದು ಕೊನೆಗೆ.

ಸುಸ್ತು ಎಂದವರನ್ನು ‘ಯಾವ ಕೆಲಸ ನಿಂತಿತು?’ ಎಂದು ಕೇಳು. ಜಡೆ ಹಾಕಿಕೊಳ್ಳಲು ಕೈ ಮೇಲೇಳುವುದಿಲ್ಲ, ನೆಲದಿಂದ ಏಳಲು ಗೋಡೆ ಹಿಡಿಯಬೇಕು ಎಂದರೆ ಹೆಚ್ಚಿನ ಸಲ ದೋಷ ಸ್ನಾಯುವಿನದು. ಅಂಗಿಯ ಗುಂಡಿ ಹಾಕಲಾಗದು, ಚಪ್ಪಲಿ ಕಾಲಿಂದ ಜಾರಿಬಿದ್ದದ್ದೇ ಗೊತ್ತಾಗದು ಎಂದರೆ ನರ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ರೆಪ್ಪೆ ಜೋತುಬಿದ್ದು, ಒಂದು ಎರಡಾಗಿ ಕಂಡು, ಉಣ್ಣುತ್ತ ಉಣ್ಣುತ್ತ ದವಡೆ ಸೋತರೆ ನರ ಮತ್ತು ಸ್ನಾಯು ಕೂಡುವ ಜಾಗದ್ದು, ಮಯಸ್ತೇನಿಯಾ. ಅದಕ್ಕೆ ಪಿರಿಡೋಸ್ಟಿಗ್ಮಿನ್ ಇದೆ, ಬದುಕು ಹಳಿಗೆ ಬರುತ್ತದೆ. ಅವರಿಗೆ ಜ್ವರವೆಂದು ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್ ಕೊಟ್ಟರೆ ಉಸಿರಿಗೇ ಕುತ್ತು ಬರಬಹುದು, ನೆನಪಿಟ್ಟುಕೋ. ರೆಪ್ಪೆ ಜೋತದ್ದು ಬೆಳಗಿನ ಜಾವವಾದರೆ, ರಾತ್ರಿ ನೆಲದ ಮೇಲೆ ಮಲಗಿದ್ದವರಾದರೆ, ಕಟ್ಟುಹಾವನ್ನು ನೆನೆ. ಅದು ಕಚ್ಚಿದ್ದು ನೋಯುವುದಿಲ್ಲ, ಗಾಯವೂ ಕಾಣದಿರಬಹುದು. ಬೆಳೆಗೆ ಹೊಡೆಯುವ ಔಷಧಿ ಕುಡಿದು ಚೇತರಿಸಿಕೊಂಡವರನ್ನೂ ಮರುದಿನವೇ ಮನೆಗೆ ಕಳಿಸಬೇಡ. ಎರಡನೆಯ, ಮೂರನೆಯ ದಿನ ಅವರು ದಿಂಬಿನಿಂದ ತಲೆ ಎತ್ತಲಾರದೆ ಹೋದರೆ ಅದರ ಹಿಂದೆಯೇ ಉಸಿರೂ ಸೋಲುತ್ತದೆ. ದಿನಕ್ಕೆ ನಾಲ್ಕು ಬಾರಿ ತಲೆ ಎತ್ತಿಸಿ ನೋಡು.

‘ಒಂದು ಗ್ಲೂಕೋಸ್ ಬಾಟ್ಲಿ ಹಾಕಿಬಿಡಿ’ ಎಂದು ಮನೆಯವರು ಒತ್ತಾಯಿಸುತ್ತಾರೆ. ಹಬ್ಬದೂಟ ಉಂಡು ಮಲಗಿದ ಹುಡುಗ ಬೆಳಿಗ್ಗೆ ಏಳಲಾರದೆ ಬಿದ್ದಿದ್ದರೆ ರಕ್ತದ ಪೊಟ್ಯಾಸಿಯಂ ಇಳಿದಿರಬಹುದು. ಗ್ಲೂಕೋಸ್ ಉಳಿದದ್ದನ್ನೂ ಜೀವಕೋಶಗಳೊಳಗೆ ತಳ್ಳಿ ಅವನನ್ನು ಇನ್ನಷ್ಟು ಸೋಲಿಸುತ್ತದೆ. ಇಸಿಜಿ ನೋಡು, ಪೊಟ್ಯಾಸಿಯಂ ಅಳೆಸು, ಆಮೇಲೆ ಬಾಯಿಗೆ ಕೊಡು.

ಇನ್ನು ಕುಷ್ಠ. 2005ರ ಕೊನೆಗೆ ದೇಶದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಅಂದಿನಿಂದ ಕಾಲೇಜುಗಳಲ್ಲೂ ಅದನ್ನು ಅವಸರದಲ್ಲಿ ದಾಟಿಸುತ್ತಾರೆ ಎಂಬುದು ನನ್ನ ಕೊರಗು. ರೋಗ ಹೋಗಿಲ್ಲ ಮಗೂ. ಗೋಡೆಗೆ ಮೊಣಕೈ ತಗುಲಿದಾಗ ಕರೆಂಟ್ ಹೊಡೆದಂತಾಗುತ್ತದಲ್ಲ, ಆ ನರವನ್ನು ಎರಡೂ ಕೈಗಳಲ್ಲಿ ಮುಟ್ಟಿ ನೋಡುವ ಅಭ್ಯಾಸ ಮಾಡಿಕೋ. ಹಗ್ಗದ ಹಾಗೆ ದಪ್ಪಗಾಗಿದ್ದರೆ ಅಂಗಿ ಬಿಚ್ಚಿಸಿ, ಬೆಳಕಿನಲ್ಲಿ ನಿಲ್ಲಿಸಿ, ಸ್ಪರ್ಶ ತಿಳಿಯದ ಮಚ್ಚೆ ಹುಡುಕು. ಆರು ತಿಂಗಳೋ ಹನ್ನೆರಡು ತಿಂಗಳೋ ಎಂಡಿಟಿ ಮಾತ್ರೆ, ಸರ್ಕಾರ ಪುಕ್ಕಟೆ ಕೊಡುತ್ತದೆ. ನರ ಹೊಸದಾಗಿ ನೋಯತೊಡಗಿದರೆ, ಬೆರಳು ಹೊಸದಾಗಿ ಮಡಚತೊಡಗಿದರೆ ಪ್ರೆಡ್ನಿಸೊಲೋನ್ ಸೇರಿಸಬೇಕು, ತಡವಾದರೆ ಮಡಚಿದ ಬೆರಳು ಮಡಚಿಯೇ ಉಳಿಯುತ್ತದೆ. ‘ಕುಷ್ಠ’ ಎಂಬ ಮಾತನ್ನು ಮಾತ್ರ ಸಾಲಿನವರಿಗೆ ಕೇಳುವಂತೆ ಎಂದೂ ಆಡಬೇಡ.

ಸಕ್ಕರೆ ಕಾಯಿಲೆಯವರ ಅಂಗಾಲನ್ನು ಪ್ರತಿ ಸಲವೂ ನೋಡು, ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲು ಸುಟ್ಟದ್ದೂ ಅವರಿಗೆ ತಿಳಿಯುವುದಿಲ್ಲ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಇಳಿದಿರಬಹುದು, ಅಲ್ಲಿ ಬಿ12 ಇಂಜೆಕ್ಷನ್ನೇ ನಿಜವಾದ ಮದ್ದು.

ಒಂದು ದಿನ ಯಾರೋ ತಾಯಿ ಐದು ವರ್ಷದ ಗಂಡು ಮಗುವನ್ನು ಕರೆತರುತ್ತಾಳೆ. ಮೀನಖಂಡ ತುಂಬಿಕೊಂಡಿದೆ, ಗಟ್ಟಿಮುಟ್ಟಾದ ಹುಡುಗ, ಆದರೆ ಪದೇ ಪದೇ ಬೀಳುತ್ತಾನೆ ಅನ್ನುತ್ತಾಳೆ. ಎಸ್‌ಜಿಪಿಟಿ ಏರಿದೆ, ಲಿವರ್ ತೊಂದರೆ ಎಂದು ಯಾರೋ ಟಾನಿಕ್ ಬರೆದಿರುತ್ತಾರೆ. ಆ ಕಿಣ್ವ ಸ್ನಾಯುವಿನಿಂದಲೂ ಸೋರುತ್ತದೆ. ಮಗುವನ್ನು ನೆಲದ ಮೇಲೆ ಕೂರಿಸಿ ಏಳಲು ಹೇಳು. ತನ್ನ ತೊಡೆಯನ್ನೇ ಕೈಯಿಂದ ಹತ್ತಿಕೊಂಡು ಎದ್ದರೆ ಸಿಪಿಕೆ ಬರೆದು ಕಳಿಸು. ಅದು ಡುಷೇನ್ ಎಂಬ ಸ್ನಾಯುವಿನ ಕಾಯಿಲೆ ಇರಬಹುದು. ಅದಕ್ಕೆ ಪೂರ್ತಿ ಗುಣವಿಲ್ಲ, ಸ್ಟಿರಾಯ್ಡಿನಿಂದ ನಡಿಗೆಯ ವರ್ಷಗಳನ್ನು ಹೆಚ್ಚಿಸಬಹುದು. ಮುಂದಿನ ಬಸುರಿಗೆ ಮೊದಲು ಆ ತಾಯಿಗೆ ಸತ್ಯ ತಿಳಿದಿರಬೇಕು. ಅದನ್ನು ಹೇಳುವಾಗ ಬಾಗಿಲು ಹಾಕಿ, ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಹೇಳು. ಹೊರಗಿನ ಸಾಲು ಕಾಯುತ್ತದೆ.