ಒಂದೇ ಕಡತ, ಹಲವು ಬರಹಗಾರರು: ಕಾಯದೆ ಬರೆಯುವ ವಿಧಾನ

ಕಲಿಕೆಯ ಉದ್ದೇಶ: ಹಲವು ಪ್ರಕ್ರಿಯೆಗಳು ಒಂದೇ ಕಡತಕ್ಕೆ ಬರೆಯುವಾಗ ‘ಕರೆ ಮರಳಿತು’ ಎಂಬುದಕ್ಕೂ ‘ಬರಹ ಮುಗಿಯಿತು’ ಎಂಬುದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳು ಗುರುತಿಸುವರು.

ವಿಷಯ ವಿವರಣೆ

ದೊಡ್ಡ ಲೆಕ್ಕವೊಂದನ್ನು ಭಾಗಗಳಾಗಿ ಹಂಚಿ ಏಕಕಾಲದಲ್ಲಿ ಮಾಡಿಸುವುದು ಸಮಾಂತರ ಗಣನೆ. ಒಂದೊಂದು ಭಾಗವನ್ನು ಒಂದೊಂದು ಪ್ರಕ್ರಿಯೆಯು ನಡೆಸುತ್ತದೆ. ಪ್ರಕ್ರಿಯೆಗಳ ನಡುವಣ ಸಂದೇಶ ವಿನಿಮಯಕ್ಕೆ ಎಂಪಿಐ ಎಂಬ ಮಾನಕವು ಬಳಕೆಯಲ್ಲಿದೆ. 1997ರಲ್ಲಿ ಪ್ರಕಟವಾದ ಅದರ ಎರಡನೆಯ ಆವೃತ್ತಿಯು ಕಡತಗಳನ್ನು ಓದಿ ಬರೆಯುವ ಕ್ರಮಗಳನ್ನೂ ನಿಗದಿಪಡಿಸಿತು. ಅವುಗಳಲ್ಲೊಂದು ‘ಐರೈಟ್ ಷೇರ್ಡ್’.

ಇಲ್ಲಿ ‘ಷೇರ್ಡ್’ ಎಂದರೆ ಎಲ್ಲ ಪ್ರಕ್ರಿಯೆಗಳಿಗೂ ಸ್ಥಾನಸೂಚಕವು ಒಂದೇ. ಒಂದು ಪ್ರಕ್ರಿಯೆಯು 100 ಬೈಟ್ ಬರೆಯಲು ಕೋರಿದೊಡನೆ ಸೂಚಕವು ಅಷ್ಟೇ ಮುಂದಕ್ಕೆ ಸರಿಯುತ್ತದೆ. ಮುಂದಿನದಕ್ಕೆ ಅದರಾಚೆಯ ಜಾಗ ದೊರೆಯುತ್ತದೆ. ಆದುದರಿಂದ ಒಂದರ ಬರಹವು ಇನ್ನೊಂದರದನ್ನು ಅಳಿಸದು. ಆದರೆ ಯಾವುದು ಮೊದಲು ಎಂಬುದು ನಿಶ್ಚಿತವಲ್ಲ.

‘ಐ’ ಎಂಬುದು ‘ತಕ್ಷಣ’ ಎಂಬುದರ ಗುರುತು. ಬರಹ ಮುಗಿಯುವವರೆಗೆ ಕಾಯದೆ ಕರೆಯು ಮರಳುತ್ತದೆ. ಜೊತೆಗೆ ಒಂದು ಕೋರಿಕೆ ಚೀಟಿಯನ್ನು ಕೊಡುತ್ತದೆ. ಪ್ರಕ್ರಿಯೆಯು ಆ ನಡುವೆ ಮುಂದಿನ ಲೆಕ್ಕವನ್ನು ಮಾಡಬಹುದು. ಆದರೆ ಬರೆಯಬೇಕಾದ ದತ್ತಾಂಶವಿರುವ ಬಫರನ್ನು ಮಾತ್ರ ಬದಲಿಸಬಾರದು. ‘ವೇಟ್’ ಎಂಬ ಕರೆಯಿಂದ ಚೀಟಿ ತೀರಿದ ಬಳಿಕವೇ ಬಫರ್ ಮರುಬಳಕೆಗೆ ಮುಕ್ತ. ಈ ನಿಯಮ ಮೀರಿದರೆ ಕಡತಕ್ಕೆ ತಪ್ಪು ಮೌಲ್ಯ ಸೇರಬಹುದು. ದೋಷಸೂಚನೆ ಬಾರದೆಯೂ ಇರಬಹುದು. ಓದುವವನಿಗೆ ಆ ಕಡತವು ಸರಿಯಾಗಿಯೇ ಕಾಣುವುದು. ಇದೇ ನಿಜವಾದ ಅಪಾಯ. ಚೀಟಿ ತೀರಿದ ಮೇಲೂ ದತ್ತಾಂಶವು ಶೇಖರಣಾ ಸಾಧನವನ್ನು ತಲುಪಿತೆಂದು ಖಚಿತಪಡಿಸಲು ‘ಸಿಂಕ್’ ಎಂಬ ಮತ್ತೊಂದು ಕರೆ ಬೇಕು.

ಪದ ಸೂಚನೆ: ‘ತಡೆರಹಿತ ಬರಹ’ ಎಂದರೆ ಅಡ್ಡಿಯೇ ಇಲ್ಲದ ಬರಹವೆಂದು ಮಕ್ಕಳು ಭಾವಿಸಿಯಾರು. ‘ಕಾಯದ ಬರಹ’ ಎಂಬ ಮಾತು ಹೆಚ್ಚು ಸ್ಪಷ್ಟ.

ತರಗತಿ ಚಟುವಟಿಕೆ

1. ನಾಲ್ವರು ವಿದ್ಯಾರ್ಥಿಗಳಿಗೆ ಒಂದೊಂದು ಸ್ಲೇಟು, ಐದನೆಯವನಿಗೆ ಒಂದು ನೋಟುಪುಸ್ತಕ ಕೊಡಿರಿ. ಐದನೆಯವನೇ ಲಿಪಿಕಾರ.

2. ಪ್ರತಿಯೊಬ್ಬರೂ ಗುಣಾಕಾರವೊಂದನ್ನು ಮಾಡಿ ಉತ್ತರವನ್ನು ಸ್ಲೇಟಿನಲ್ಲಿ ಬರೆದು ತೋರಿಸಲಿ. ಲಿಪಿಕಾರನು ಬಂದವರಿಗೆ ಬಂದಂತೆ ಮುಂದಿನ ಸಾಲನ್ನು ಕಾದಿರಿಸಿ, ಒಂದು ಬಿಲ್ಲೆಯನ್ನು ಕೊಟ್ಟು, ನಿಧಾನವಾಗಿ ನಕಲಿಸಲಿ.

3. ಬಿಲ್ಲೆ ಪಡೆದವರು ಮುಂದಿನ ಲೆಕ್ಕವನ್ನು ಕಾಗದದಲ್ಲಿ ಮಾಡಬಹುದು. ನಕಲು ಮುಗಿದು ಬಿಲ್ಲೆಯನ್ನು ಹಿಂತಿರುಗಿಸುವವರೆಗೆ ಸ್ಲೇಟನ್ನು ಒರೆಸಬಾರದು.

4. ಎರಡನೆಯ ಸುತ್ತಿನಲ್ಲಿ ಒಬ್ಬನು ಬೇಗನೆ ಒರೆಸಿ ಬೇರೊಂದು ಸಂಖ್ಯೆಯನ್ನು ಬರೆಯಲಿ. ಪುಸ್ತಕದಲ್ಲಿ ಏನಾಯಿತೆಂದು ಎಲ್ಲರೂ ನೋಡಲಿ.

ಎರಡು ಸುತ್ತುಗಳ ಸಾಲುಗಳ ಕ್ರಮವನ್ನು ಹೋಲಿಸಿರಿ. ಕ್ರಮ ಬದಲಾದರೂ ಗುರುತು ಸಿಗುವಂತೆ ಪ್ರತಿ ಸಾಲಿನಲ್ಲಿ ಬರೆದವರ ಸಂಖ್ಯೆ ಇರಬೇಕೆಂಬುದನ್ನು ಮಕ್ಕಳೇ ಕಂಡುಕೊಳ್ಳುವರು. ಕ್ರಮವೇ ಮುಖ್ಯವಾದಲ್ಲಿ ಎಂಪಿಐಯ ‘ರೈಟ್ ಆರ್ಡರ್ಡ್’ ಕರೆಯು ಪ್ರಕ್ರಿಯೆಗಳ ಸಂಖ್ಯಾನುಕ್ರಮದಲ್ಲಿ ಬರೆಯುತ್ತದೆ. ಆದರೆ ಅದರಲ್ಲಿ ಎಲ್ಲ ಪ್ರಕ್ರಿಯೆಗಳೂ ಭಾಗವಹಿಸಬೇಕು.

ಮೌಲ್ಯಮಾಪನ

1. ಚಟುವಟಿಕೆಯಲ್ಲಿ ಬಫರ್ ಯಾವುದು? ಕೋರಿಕೆ ಚೀಟಿ ಯಾವುದು?

2. ಸಾಲುಗಳು ಒಂದರ ಮೇಲೊಂದು ಬೀಳದಿದ್ದರೂ ಪುಸ್ತಕದಲ್ಲಿ ತಪ್ಪು ಹೇಗೆ ಸೇರಿತು?

3. ಕಾಯದೆ ಬರೆಯುವುದರಿಂದ ಉಳಿಯುವ ಸಮಯದಲ್ಲಿ ಯಾವ ಕೆಲಸ ಮಾಡಬಹುದು, ಯಾವುದನ್ನು ಮಾಡಬಾರದು?