ಸಿಂಗಪುರದಲ್ಲಿ ಪ್ರತಿನಿಧಿ ಕಚೇರಿ: ಪಾತ್ರ ಮತ್ತು ಮಿತಿ

ಹೊರದೇಶದ ಮಾರುಕಟ್ಟೆಯನ್ನು ಪ್ರವೇಶಿಸಬಯಸುವ ಸಣ್ಣ ತಯಾರಕರ ಮುಂದೆ ಸಾಮಾನ್ಯವಾಗಿ ಎರಡು ಮಾರ್ಗಗಳಿರುತ್ತವೆ: ಅಲ್ಲಿನ ಏಜೆಂಟರನ್ನು ನೆಚ್ಚುವುದು, ಇಲ್ಲವೇ ಅಲ್ಲಿಯೇ ಕಂಪನಿ ಸ್ಥಾಪಿಸುವುದು. ಇವೆರಡರ ನಡುವಿನ ಮಾರ್ಗವೇ ಪ್ರತಿನಿಧಿ ಕಚೇರಿ. ಇದರ ಉಪಯೋಗ ಮತ್ತು ಮಿತಿಗಳೆರಡನ್ನೂ ಅರಿಯಲು ಸಿಂಗಪುರ ಉತ್ತಮ ನಿದರ್ಶನ.

ದ್ವೀಪದ ಮಹತ್ವ

ಸಿಂಗಪುರದ ವಿಸ್ತೀರ್ಣ ಸುಮಾರು 730 ಚದರ ಕಿ.ಮೀ. ಮಾತ್ರ. ಆದರೆ ಅಲ್ಲಿಗೆ ಬರುವ ಸರಕಿನ ದೊಡ್ಡ ಪಾಲು ನೆರೆಯ ದೇಶಗಳಿಗೆ ಮರುರಫ್ತಾಗುತ್ತದೆ. ಮದ್ಯ, ತಂಬಾಕು, ವಾಹನ ಹಾಗೂ ಪೆಟ್ರೋಲಿಯಂ ಉತ್ಪನ್ನಗಳನ್ನು ಬಿಟ್ಟರೆ ಬಹುಪಾಲು ಸರಕುಗಳಿಗೆ ಸುಂಕವಿಲ್ಲ. 2024ರ ಜನವರಿಯಿಂದ ಜಿ.ಎಸ್.ಟಿ. ದರ ಶೇ. 9. ಭಾರತದೊಡನೆ ಸಮಗ್ರ ಆರ್ಥಿಕ ಸಹಕಾರ ಒಪ್ಪಂದವು 2005ರ ಆಗಸ್ಟ್ 1ರಿಂದ ಜಾರಿಯಲ್ಲಿದೆ.

ಅರ್ಹತೆ

ತಯಾರಿಕೆ ಮತ್ತು ವ್ಯಾಪಾರ ವಲಯದವರು ಎಂಟರ್‌ಪ್ರೈಸ್ ಸಿಂಗಪುರ ಸಂಸ್ಥೆಯಲ್ಲಿ ನೋಂದಾಯಿಸಬೇಕು. ಮೂಲ ಸಂಸ್ಥೆ ಸ್ಥಾಪನೆಯಾಗಿ ಕನಿಷ್ಠ 3 ವರ್ಷ ಕಳೆದಿರಬೇಕು. ವಹಿವಾಟು 2,50,000 ಅಮೆರಿಕನ್ ಡಾಲರ್ ಮೀರಿರಬೇಕು. ಕಚೇರಿಯ ಸಿಬ್ಬಂದಿ ಐವರಿಗಿಂತ ಕಡಿಮೆಯಿರಬೇಕು. ಪರವಾನಗಿಯನ್ನು ವರ್ಷವರ್ಷವೂ ನವೀಕರಿಸಬೇಕಾಗಿದ್ದು, ಒಟ್ಟು ಅವಧಿ ಸಾಮಾನ್ಯವಾಗಿ 3 ವರ್ಷ. ಅರ್ಜಿಗೆ ಮುನ್ನ ಚಾಲ್ತಿ ನಿಯಮಗಳನ್ನು ಪರಿಶೀಲಿಸಿಕೊಳ್ಳುವುದು ಅವಶ್ಯ.

ಮಾಡಬಹುದಾದದ್ದು, ಮಾಡಬಾರದ್ದು

ಮಾರುಕಟ್ಟೆ ಸಮೀಕ್ಷೆ, ಗ್ರಾಹಕರ ಭೇಟಿ, ವಾಣಿಜ್ಯ ಮೇಳಗಳಲ್ಲಿ ಭಾಗವಹಿಸುವಿಕೆ ಹಾಗೂ ಮೂಲ ಸಂಸ್ಥೆಗೆ ವರದಿ ಕಳುಹಿಸುವುದು ಕಚೇರಿಯ ಕಾರ್ಯಗಳು. ಅದಕ್ಕೆ ಸ್ವತಂತ್ರ ಕಾನೂನು ಅಸ್ತಿತ್ವವಿಲ್ಲ. ಆದುದರಿಂದ ಅದು ಕರಾರಿಗೆ ಸಹಿ ಹಾಕುವಂತಿಲ್ಲ, ಬಿಲ್ಲು ನೀಡುವಂತಿಲ್ಲ, ಸಾಖಪತ್ರ ತೆರೆಯುವಂತಿಲ್ಲ, ಗೋದಾಮು ಬಾಡಿಗೆಗೆ ಪಡೆಯುವಂತಿಲ್ಲ. ಸರಕಿನ ದಾಸ್ತಾನು ಮತ್ತು ಸಾಗಣೆಯನ್ನು ಸ್ಥಳೀಯ ಏಜೆಂಟರ ಮೂಲಕವೇ ನಡೆಸಬೇಕು.

ಉದಾಹರಣೆಗೆ, ಪೀಣ್ಯದ ವಾಲ್ವ್ ತಯಾರಕರೊಬ್ಬರು ಜುರಾಂಗ್ ದ್ವೀಪದ ತೈಲ ಶುದ್ಧೀಕರಣ ಘಟಕಗಳಿಗೆ ಸರಬರಾಜು ಮಾಡಬಯಸಿದರೆನ್ನೋಣ. ಯಾವ ಗುಣಮಟ್ಟದ ಪ್ರಮಾಣಪತ್ರ ಬೇಕು, ಖರೀದಿಯ ನಿರ್ಧಾರ ಯಾರದು, ಪ್ರತಿಸ್ಪರ್ಧಿಗಳ ಬೆಲೆ ಎಷ್ಟು ಎಂಬುದನ್ನು ಪ್ರತಿನಿಧಿಯು ತಿಳಿದು ವರದಿ ಮಾಡಬಹುದು. ಬೇಡಿಕೆ ಬಂದಾಗ ದರಪಟ್ಟಿ, ಕರಾರು, ಬಿಲ್ಲು ಎಲ್ಲವೂ ಬೆಂಗಳೂರಿನಿಂದಲೇ ಹೋಗಬೇಕು. ಏಜೆಂಟರನ್ನಷ್ಟೇ ನೆಚ್ಚಿದಲ್ಲಿ ಈ ಮಾಹಿತಿ ಅವರಲ್ಲಿಯೇ ಉಳಿಯುತ್ತದೆ. ಏಜೆಂಟರು ಬದಲಾದಾಗ ಗ್ರಾಹಕರೂ ಕೈತಪ್ಪಬಹುದು.

ವೆಚ್ಚದ ಲೆಕ್ಕ

ಕಚೇರಿಗೆ ಸ್ವಂತ ಆದಾಯವಿಲ್ಲ. ಬಾಡಿಗೆ, ಸಂಬಳಗಳೆಲ್ಲವೂ ಮೂಲ ಸಂಸ್ಥೆಯ ಹೊರೆ. ಸಣ್ಣ ಘಟಕದ ದುಡಿಮೆಯ ಬಂಡವಾಳವನ್ನು ಇದು ಬೇಗನೆ ಕರಗಿಸಬಲ್ಲದು. ಆದಕಾರಣ ಮೊದಲು ವಾಣಿಜ್ಯ ಮೇಳಗಳಲ್ಲಿ ಭಾಗವಹಿಸಿ, ಭಾರತದ ಹೈಕಮಿಷನ್‌ನ ನೆರವಿನಿಂದ ಪ್ರಾಥಮಿಕ ಮಾಹಿತಿ ಪಡೆಯುವುದು ಲೇಸು. ಹಣ ರವಾನೆಗೆ ವಿದೇಶೀ ವಿನಿಮಯ ನಿಯಮಗಳ ಮಿತಿಗಳಿರುವುದರಿಂದ ಬ್ಯಾಂಕಿನೊಡನೆ ಮುಂಚಿತವಾಗಿ ಸಮಾಲೋಚಿಸಬೇಕು.

ಕಚೇರಿ ತೆರೆಯುವ ಮುನ್ನವೇ ಉತ್ತರ ಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು, ವರ್ಷಕ್ಕೊಮ್ಮೆ ಪ್ರಗತಿಯನ್ನು ತೂಗಿನೋಡಬೇಕು. ಅವಧಿ ಮುಗಿಯುವುದರೊಳಗೆ ಅದನ್ನು ಶಾಖೆ ಅಥವಾ ಅಂಗಸಂಸ್ಥೆಯಾಗಿ ನೋಂದಾಯಿಸಬೇಕು, ಇಲ್ಲವೇ ಮುಚ್ಚಬೇಕು. ಲಾಭವಿಲ್ಲವೆಂದು ಖಚಿತವಾಗಿ ತಿಳಿದು ಮುಚ್ಚಿದ ಕಚೇರಿಯೂ ಉದ್ದಿಮೆದಾರರನ್ನು ಅದಕ್ಕಿಂತ ದೊಡ್ಡ ನಷ್ಟದಿಂದ ಕಾಪಾಡಿರುತ್ತದೆ.